ಲಿಲ್ಯಾಳ ಗಿಣ್ಣು ಹಾಲು

ಬ್ಯೋರ್ಕ್‌ವಾಲೆನ್
8 ಮಾರ್ಚ್ 1936

ತಮ್ಮ ಎಲಿಸ್‌ಗೆ,

ಲಿಲ್ಯಾ ಮೊನ್ನೆ ಕರು ಹಾಕಿದಳು. ಹೆಣ್ಣುಗರು. ತಾಯಿಯ ಹಾಗೇ ಬಿಳಿ, ಕಿವಿ ಮಾತ್ರ ಕಪ್ಪು. ಇಬ್ಬರೂ ಗಟ್ಟಿಯಾಗಿದ್ದಾರೆ, ಕರ್ತನಿಗೆ ಸ್ತೋತ್ರ.

ನೀನು ಹೇಳಿದಂತೆಯೇ ಮಾಡಿದ್ದೇನೆ. ನೀನು ಕಳಿಸಿದ ಸೀಸೆಗಳನ್ನು ಕುದಿಸಿ ಬೋರಲು ಹಾಕಿದ್ದೆ. ಕೆಚ್ಚಲು ತೊಳೆದು, ಮೊದಲ ಕರಾವಿನ ಗಿಣ್ಣು ಹಾಲನ್ನೇ ತುಂಬಿದೆ. ಕಾಯಿಸಲಿಲ್ಲ, ಬೇರೆ ಹಸುವಿನದು ಬೆರೆಸಲಿಲ್ಲ. ನಾನು ಜಾರುಬಂಡಿಗೆ ಕುದುರೆ ಹೂಡಲು ಹೋದಾಗ ಅಮ್ಮನೇ ಬಿರಡೆ ಹಾಕಿ, ಅಪ್ಪನ ಹಳೆಯ ಉಣ್ಣೆ ಕಾಲುಚೀಲಗಳಲ್ಲಿ ಸೀಸೆಗಳನ್ನು ತೂರಿಸಿ, ಪೆಟ್ಟಿಗೆಗೆ ಹಿಮ ತುಂಬಿ ತಂದಳು. ಕಾಲುಚೀಲಗಳನ್ನು ಹಿಂದಕ್ಕೆ ಕಳಿಸು.

ಅಮ್ಮನ ಸಂಕಟ ನಿನಗೆ ಗೊತ್ತಲ್ಲ. "ಗಿಣ್ಣು ಬೇಯಿಸಿ ತಿನ್ನೋ ಹಾಲನ್ನ ರೈಲಿಗೆ ಹಾಕ್ತಿದ್ದೀವಲ್ಲೇ. ಅಲ್ಲಿ ಹುಡುಗನಿಗೆ ಊಟ ಹಾಕ್ತಾರೋ ಇಲ್ವೋ?"

"ತಿನ್ನೋಕಲ್ಲಮ್ಮ. ಹಾಲಿನೊಳಗೆ ಪ್ರೋಟೀನ್ ಅಂತ ಇದೆಯಂತೆ, ಅದನ್ನ ಬೇರೆ ಮಾಡಿ ನೋಡ್ತಾನೆ."

"ನೋಡಿ ಆದ್ಮೇಲೆ ಉಳಿದಿದ್ದನ್ನಾದರೂ ಬೇಯಿಸ್ಕೊಂಡು ತಿನ್ನಲಿ. ಚೂರು ದಾಲ್ಚಿನ್ನಿ ಉದುರಿಸ್ಕೋ ಅಂತ ಬರಿ."

ಬರೆದಿದ್ದೇನೆ. ಭಾನುವಾರ ದೇವಾಲಯಕ್ಕೆ ಹೋಗುತ್ತೀಯಾ ಎಂದು ಹೋದ ಪತ್ರದಲ್ಲೂ ಕೇಳಿದ್ದೆ. ಹಾಲಿನ ಬಗ್ಗೆ ನೀನು ಎರಡು ಹಾಳೆ ಬರೆದೆ, ಅದಕ್ಕೆ ಮಾತ್ರ ಉತ್ತರವಿಲ್ಲ.

ನಿನ್ನ ಅಕ್ಕ,
ತೆಕ್ಲಾ

ಉಪ್ಸಾಲಾ
29 ಮಾರ್ಚ್ 1936

ಅಕ್ಕಾ,

ಕಾಲುಚೀಲಗಳನ್ನು ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ದೇವಾಲಯಕ್ಕೆ ಹೋಗುತ್ತೇನೆ, ಎಲ್ಲ ಭಾನುವಾರ ಅಲ್ಲ. ಈಗ ಕೇಳು.

ಇಲ್ಲಿನ ಬಯಲುಸೀಮೆ ಹಸುಗಳ ಗಿಣ್ಣು ಹಾಲಿನಿಂದ ಕೆನೆ ತೆಗೆದು, ಹಾಲು ಒಡೆಸಿ, ಗಟ್ಟಿಯನ್ನು ಸೋಸಿ, ಉಳಿದ ತಿಳಿಗೆ ಬಟ್ಟಿ ಇಳಿಸಿದ ನೀರು ಸೇರಿಸಿದರೆ ಒಂದು ಜಾತಿಯ ಪ್ರೋಟೀನ್ ಕರಗಿ ನಿಲ್ಲಲಾರದೆ ಬೆಳ್ಳಗೆ ತಳಕ್ಕೆ ಇಳಿಯುತ್ತದೆ. ಲಿಲ್ಯಾಳದ್ದು ಇಳಿಯಲೇ ಇಲ್ಲ! ಗಾಜಿನ ಆಚೆ ಇಟ್ಟ ಅಕ್ಷರ ಓದಬಹುದು, ಅಷ್ಟು ತಿಳಿ. ಪ್ರೊಫೆಸರ್ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದ್ಯಾವೂರಿನ ಹಸು ಮಾರಾಯ?" ಎಂದರು. ನಮ್ಮ ಬೆಟ್ಟದ ಹಸುಗಳಲ್ಲಿ ಆ ಪ್ರೋಟೀನ್ ಬೇರೆಯದೇ ಇರಬೇಕು. ಹಾಗಿದ್ದರೆ ಅದನ್ನು ಇದುವರೆಗೆ ಯಾರೂ ಕಂಡಿಲ್ಲ.

ಇದರ ಮೇಲೆಯೇ ಮಹಾಪ್ರಬಂಧ ಬರೆಯುತ್ತೇನೆ. ಅದಕ್ಕೆ ಒಳ್ಳೆಯ ದರ್ಜೆ ಬಂದರೆ ಡೋಸೆಂಟ್ ಆಗುತ್ತೇನೆ. ಅಂದರೆ ಇಲ್ಲಿಯೇ ಪಾಠ ಹೇಳುತ್ತ ಜೀವನಪರ್ಯಂತ ಈ ಕೆಲಸ ಮಾಡಬಹುದು. ದರ್ಜೆ ಕಡಿಮೆಯಾದರೆ ಹೆಸರಿನ ಮುಂದೆ ಡಾಕ್ಟರ್ ಅಂತ ಸೇರುತ್ತದೆ, ಪ್ರಯೋಗಶಾಲೆಯ ಬಾಗಿಲು ಮುಚ್ಚುತ್ತದೆ. ಎರಡನೆಯ ಅವಕಾಶ ಯಾರಿಗೂ ಇಲ್ಲ.

ಅಕ್ಕಪಕ್ಕದ ಮನೆಗಳ ಹಸುಗಳದ್ದೂ ಕಳಿಸುತ್ತೀಯಾ? ಬೇರೆ ಕಡೆಯಿಂದ ಬರುವ ಪ್ರತಿ ಸೀಸೆಯನ್ನೂ ಏನು ಬೆರೆಸಿದ್ದಾರೋ ಎಂದು ಮೊದಲು ಪರೀಕ್ಷಿಸಬೇಕಾಗುತ್ತದೆ, ಅರ್ಧ ದಿನ ಹೋಗುತ್ತದೆ. ನಿಮ್ಮದಕ್ಕೆ ಆ ತಾಪತ್ರಯ ಇಲ್ಲ. ಅದಕ್ಕೇ ಎಲ್ಲವೂ ನಿಮ್ಮ ಕೈಯಿಂದಲೇ ಬರಲಿ.

ಎಲಿಸ್

ಬ್ಯೋರ್ಕ್‌ವಾಲೆನ್
18 ಏಪ್ರಿಲ್ 1937

ತಮ್ಮಾ,

ಇಂದಿನ ಪೆಟ್ಟಿಗೆಯಲ್ಲಿ ಪಕ್ಕದ ಕರೋಲಿನಾ ಮನೆಯ ಎರಡು ಹಸುಗಳದ್ದೂ ಇದೆ. ಊರಿನ ಗಿಣ್ಣು ಹಾಲೆಲ್ಲ ಈಗ ನಮ್ಮ ಅಡುಗೆಮನೆಗೇ ಬರುತ್ತಿದೆ. ತುಂಬುವುದು ನಾನು. ಬಿರಡೆ ಹಾಕಿ ಕಟ್ಟುವುದು ಅಮ್ಮ. ಆ ಅಧಿಕಾರ ಅವಳು ಯಾರಿಗೂ ಬಿಟ್ಟುಕೊಡುವುದಿಲ್ಲ.

ಆದರೆ ಅವಳ ನಾಲಿಗೆ ಹತೋಟಿಯಲ್ಲಿಲ್ಲ. ಹೋದ ಭಾನುವಾರ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ, ನಮ್ಮ ಹಸುವಿನ ಹಾಲನ್ನು ಉಪ್ಸಾಲಾದ ದೊಡ್ಡ ದೊಡ್ಡವರು ಕನ್ನಡಕ ಏರಿಸಿಕೊಂಡು ನೋಡುತ್ತಾರೆ ಎಂದು ಶುರು ಮಾಡಿದಳು. ಕರೋಲಿನಾ ಬಿಡುತ್ತಾಳೆಯೇ?

"ಹಾಗಾದ್ರೆ ಲಿಲ್ಯಾಗೂ ಒಂದು ಪದವಿ ಕೊಡ್ತಾರೇನು ಬ್ರೀತಕ್ಕ?"

"ಕೊಟ್ರೆ ತಗೋತಾಳೆ. ನಿಮ್ಮ ಹೋರಿ ಹಾಗೆ ಬೇಲಿ ಹಾರಿ ಓಡಿಹೋಗಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾವೇನೋ ಹೆಚ್ಚಿನವರು ಎಂದುಕೊಳ್ಳುವ ಮನೆಗೆ ಕರ್ತನು ಪಾಠ ಕಲಿಸದೆ ಬಿಡುವುದಿಲ್ಲ. ನೀನೂ ತಲೆ ತಗ್ಗಿಸಿ ನಡೆ. ಆದರೂ ಹೇಳುತ್ತೇನೆ, ಅಪ್ಪ ನದಿಯಲ್ಲಿ ದಿಮ್ಮಿ ತೇಲಿಸಲು ಹೋಗಿ ಹಿಂದಿರುಗದ ವರ್ಷದಿಂದ ಅಮ್ಮ ಈಗಿನಷ್ಟು ಹಗುರವಾಗಿ ನಡೆದದ್ದನ್ನು ನಾನು ಕಂಡಿಲ್ಲ.

ತೆಕ್ಲಾ

ಉಪ್ಸಾಲಾ
30 ಏಪ್ರಿಲ್ 1938

ಅಕ್ಕಾ,

ನಿನ್ನೆ ಪ್ರಬಂಧಕ್ಕೆ ಮೊಳೆ ಹೊಡೆದೆ. ಅಚ್ಚಾದ ಪುಸ್ತಕಕ್ಕೆ ತೂತು ಕೊರೆದು, ವಿಶ್ವವಿದ್ಯಾಲಯದ ಹಲಗೆಯ ಮೇಲೆ ನಾವೇ ಸುತ್ತಿಗೆ ಹಿಡಿದು ಬಡಿಯಬೇಕು. ಇನ್ನು ಯಾರು ಬೇಕಾದರೂ ಓದಿ ತಪ್ಪು ಹುಡುಕಬಹುದು. ಗೆಳೆಯ ಯೋಸ್ತಾ, "ಮೊಳೆ ಸೊಟ್ಟಗಾಯ್ತು ಕಣೋ, ರಸಾಯನಶಾಸ್ತ್ರದೋರಿಗೆ ಬಡಗಿ ಕೆಲಸ ಯಾಕೆ?" ಎಂದು ಹಾಸ್ಯ ಮಾಡುತ್ತಿದ್ದ.

ಮೇ 21ಕ್ಕೆ ಬಹಿರಂಗ ವಾದ. ಮೂವರು ಎದುರುವಾದಿಗಳು. ಮೊದಲನೆಯವರು ಡಾಕ್ಟರ್ ಸಿಲ್ವಾಂದರ್, ಒಂದು ಚುಕ್ಕೆ ಬಿಡದೆ ಕೆದಕುವವರು. ಎರಡನೆಯವರು ಸೌಮ್ಯ. ಮೂರನೆಯವನು ಯೋಸ್ತಾ; ಮೂರನೆಯವನ ಕೆಲಸವೇ ಸಭೆಯನ್ನು ನಗಿಸುವುದು. ಆಮೇಲೆ ಸಭೆಯಲ್ಲಿರುವ ಯಾರು ಬೇಕಾದರೂ ಎದ್ದು ಮಾತಾಡಬಹುದು, ಆದರೆ ಯಾರೂ ಏಳುವುದಿಲ್ಲ.

ಅಮ್ಮ ಬರಲೇಬೇಕು. ನೀನೂ. ಪುಸ್ತಕದ ಮೊದಲ ಪುಟದಲ್ಲಿ, ಹಾಲು ಒದಗಿಸಿದವರೆಂದು ಪ್ರೊಫೆಸರ್ ಹೆಸರಿನ ಕೆಳಗೇ ಅಮ್ಮನ ಹೆಸರಿದೆ. ಅವಳಿಗೆ ಈಗಲೇ ಹೇಳಬೇಡ.

ಎಲಿಸ್

ಬ್ಯೋರ್ಕ್‌ವಾಲೆನ್
8 ಮೇ 1938

ಎಲಿಸ್,

ನಾನು ಬಂದರೆ ಹಾಲು ಕರೆಯುವವರು ಯಾರು? ಅಮ್ಮ ಬರುತ್ತಾಳೆ. ನಿನಗೆ ಅಕ್ಷರ ತಿದ್ದಿಸಿದ ವೀಕ್ಲುಂಡ್ ಮೇಷ್ಟ್ರು ಜೊತೆಗೆ ಬರಲು ಒಪ್ಪಿದ್ದಾರೆ. ದೇವಾಲಯಕ್ಕೆ ಹಾಕುವ ಕಪ್ಪು ಉಡುಪನ್ನು ಬಿಸಿಲಿಗೆ ಹಾಕಿದ್ದೇನೆ, ಕರ್ಪೂರದ ವಾಸನೆ ಹೋಗಬೇಕು.

ಆ ಬೆಳಿಗ್ಗೆ ನಾನು ಕೊಟ್ಟಿಗೆಯಲ್ಲಿ ಮೊಣಕಾಲೂರಿ ನಿನಗಾಗಿ ಬೇಡಿಕೊಳ್ಳುತ್ತೇನೆ. ಹಸುಗಳು ಸಾಕ್ಷಿ.

ತೆಕ್ಲಾ

ಉಪ್ಸಾಲಾ
23 ಮೇ 1938

ಅಕ್ಕಾ,

ಅಮ್ಮನೂ ಮೇಷ್ಟ್ರೂ ಮಧ್ಯಾಹ್ನದ ರೈಲು ಹತ್ತಿದರು. ವಾದ ಮುಗಿಯಿತು. ಅಮ್ಮನೇ ಎಲ್ಲ ಹೇಳುತ್ತಾಳೆ. ಅವಳು ಏನು ಹೇಳಿದರೂ ಗದರಬೇಡ. ದರ್ಜೆ ಇನ್ನೂ ತಿಳಿಸಿಲ್ಲ.

ಸದ್ಯಕ್ಕೆ ಹಾಲು ಕಳಿಸಬೇಡ.

ಎಲಿಸ್

ಬ್ಯೋರ್ಕ್‌ವಾಲೆನ್
29 ಮೇ 1938

ತಮ್ಮ ಎಲಿಸ್‌ಗೆ,

ನಿನ್ನ ಪತ್ರ ಅಂಚೆಚೀಟಿಯಷ್ಟಿತ್ತು. ಅಮ್ಮ ಇಳಿದಾಗಿನಿಂದ ಬಾಯಿ ಮುಚ್ಚಿಲ್ಲ. ಕರೋಲಿನಾ ಒಂದು ಸಲ ಕೇಳಿ ಹೋಗಿ, ಗಂಡನನ್ನು ಕರೆದುಕೊಂಡು ಬಂದು ಮತ್ತೊಂದು ಸಲ ಕೇಳಿದಳು. ನನಗೆ ಬಾಯಿಪಾಠವಾಗಿದೆ.

ಆ ಸಿಲ್ವಾಂದರ್ ಎನ್ನುವವರು ಗಾಣದ ಎತ್ತಿನ ಹಾಗೆ ಒಂದೇ ಪುಟದ ಸುತ್ತ ತಿರುಗುತ್ತಿದ್ದರಂತೆ. ಕೊನೆಗೆ, "ಈ ಹಾಲಿಗೆ ಬೇರೆ ಏನೂ ಸೇರಿರಲಿಲ್ಲ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ?" ಎಂದು ಕೇಳಿದರಂತೆ. ಆಗ ನೀನು, "ಸ್ವಾಮಿ, ಹಾಲು ತುಂಬಿದ್ದು ನನ್ನಕ್ಕ, ಬಿರಡೆ ಹಾಕಿದ್ದು ನನ್ನ ತಾಯಿ. ಅವರು ಅಲ್ಲೇ ಕೂತಿದ್ದಾರೆ, ನೋಡಿ," ಎಂದೆಯಂತೆ. ಎಲ್ಲರ ಕತ್ತೂ ಅಮ್ಮನ ಕಡೆ ತಿರುಗಿತಂತೆ. ಇದನ್ನು ಹೇಳುವಾಗ ಅವಳು ತಲೆವಸ್ತ್ರ ಸರಿ ಮಾಡಿಕೊಳ್ಳುತ್ತಾಳೆ, ಪ್ರತಿ ಸಲವೂ.

ಆಮೇಲೆ ನಿನ್ನ ಯೋಸ್ತಾ ಹಸುವಿನ ಗಂಟೆ ಕಟ್ಟಿಕೊಂಡು ಬಂದು, ಲಿಲ್ಯಾ ಪ್ರಾರ್ಥನೆ ಮಾಡಿ ಹಾಲು ಕೊಡುತ್ತಾಳೋ ಹಾಲು ಕೊಟ್ಟು ಪ್ರಾರ್ಥನೆ ಮಾಡುತ್ತಾಳೋ ಎಂದು ಕೇಳಿದನಂತೆ. ದೇವರ ವಿಷಯದಲ್ಲಿ ಹಾಸ್ಯ ನನಗೆ ಹಿಡಿಸಲಿಲ್ಲ. ಕಡೆಗೆ ಪೀಠದಲ್ಲಿದ್ದ ಹಿರಿಯರು, "ಸಭೆಯಲ್ಲಿ ಇನ್ಯಾರಾದರೂ ಮಾತಾಡೋರು ಇದ್ದೀರಾ?" ಎಂದರಂತೆ. ಅಮ್ಮ ಎದ್ದು ನಿಂತಳು! ವೀಕ್ಲುಂಡ್ ಮೇಷ್ಟ್ರು, "ಬ್ರೀತಮ್ಮ, ಕೂತ್ಕೊಳ್ಳಿ, ಅದು ನಮಗಲ್ಲ," ಎಂದು ಲಂಗ ಹಿಡಿದು ಎಳೆದರಂತೆ.

"ಕೇಳಿದ್ರಲ್ಲ ಮೇಷ್ಟ್ರೇ, ಕೇಳಿದ್ಮೇಲೆ ಹೇಳಬೇಡ್ವಾ?" ಎಂದು ಇವಳು ಶುರು ಮಾಡಿದಳು. "ಹಾಲಿಗೆ ಏನೂ ಸೇರಿಲ್ಲ ಅಂತ ನನ್ನ ಮಗ ಅಂದ. ಅವನಿಗೆ ಗೊತ್ತಿಲ್ಲ, ಕೊಟ್ಟಿಗೆ ವಿಷಯ ಗಂಡಸರಿಗೆ ಏನು ಗೊತ್ತಾಗುತ್ತೆ. ಪ್ರತಿ ಸೀಸೆಗೂ ಉಪ್ಪು ಹಾಕಿ ಬಿರಡೆ ಹಾಕಿದ್ದೀನಿ. ನಮ್ಮನೆ ಹಾಲು ಉಪ್ಪಿಲ್ಲದೆ ಹೊಸಿಲು ದಾಟಿಲ್ಲ. ದಾಟಿದ್ರೆ ಹಸುವಿನ ಹಾಲಿನ ಭಾಗ್ಯಾನೂ ಅದರ ಹಿಂದೇನೇ ಹೊರಟುಹೋಗುತ್ತೆ. ಇದು ದೂರದ ಊರು ಅಂತ ಸ್ವಲ್ಪ ಜಾಸ್ತೀನೇ ಹಾಕಿದ್ದೆ."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಯೋಸ್ತಾನೇ ಇವಳಿಗೆ ಹೇಳಿಕೊಟ್ಟಿದ್ದಾನೆ ಎಂದುಕೊಂಡು ಅವನ ಬೆನ್ನು ತಟ್ಟಿದರಂತೆ. ನೀನು ಎಲ್ಲರಿಗಿಂತ ಜೋರಾಗಿ ನಕ್ಕೆಯಂತೆ. ಸಿಲ್ವಾಂದರ್ ಒಬ್ಬರು ಮಾತ್ರ ನಗದೆ ಏನೋ ಬರೆದುಕೊಂಡರಂತೆ. ಅವರಿಗೆ ಹೊಟ್ಟೆನೋವು ಇರಬೇಕು ಎಂದು ಅಮ್ಮನ ಅಭಿಪ್ರಾಯ.

ಉಪ್ಪಿನ ಸಂಗತಿ ನನಗೆ ಗೊತ್ತಿರಲಿಲ್ಲ. ಪಾದ್ರಿಗಳು ಅದರ ಮೇಲೆ ಒಂದು ಭಾನುವಾರ ಪೂರ್ತಿ ಉಪದೇಶ ಮಾಡಿದ ಮೇಲೆ ಬಿಟ್ಟಿದ್ದಾಳೆ ಎಂದುಕೊಂಡಿದ್ದೆ. ಕೇಳಿದರೆ, "ಬೈಬಲ್‌ನಲ್ಲಿ ಪ್ರವಾದಿ ಉಪ್ಪು ಹಾಕಿ ಊರಿನ ನೀರನ್ನೇ ಒಳ್ಳೇದು ಮಾಡ್ಲಿಲ್ವಾ?" ಎನ್ನುತ್ತಾಳೆ. ನೀನು ಗದರಬೇಡ ಎಂದು ಬರೆದದ್ದು ಇದಕ್ಕೇ ಇರಬೇಕು. ಅಷ್ಟು ಓದಿದವರ ನಡುವೆ ತಾಯಿ ಮೂಢನಂಬಿಕೆ ಬಿಚ್ಚಿಟ್ಟಳೆಂದು ನಿನಗೆ ನಾಚಿಕೆಯಾಗಿದೆ. ತಾಯಿಯ ವಿಷಯದಲ್ಲಿ ನಾಚಿಕೊಳ್ಳುವುದು ಪಾಪ, ಎಲಿಸ್. ಜನ ನಕ್ಕು ಮರೆಯುತ್ತಾರೆ.

ಡೋಸೆಂಟ್ ಆದ ಕೂಡಲೇ ತಿಳಿಸು. ಅಮ್ಮ ನಿನ್ನ ಪುಸ್ತಕವನ್ನು ಪ್ರಾರ್ಥನೆಯ ಪುಸ್ತಕದ ಪಕ್ಕ ಇಟ್ಟಿದ್ದಾಳೆ. ಬೇಡ ಎಂದರೂ ಕೇಳುವುದಿಲ್ಲ.

ತೆಕ್ಲಾ

ಕಾಲ್ಮಾರ್
4 ಸೆಪ್ಟೆಂಬರ್ 1938

ಅಕ್ಕಾ,

ಬೇಸಿಗೆಯಿಡೀ ಬರೆಯಲಿಲ್ಲ, ಕ್ಷಮಿಸು. ಮೇಲಿನ ಊರಿನ ಹೆಸರು ನೋಡಿರುತ್ತೀ. ಇಲ್ಲಿನ ಹುಡುಗರ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಪ್ರಬಂಧಕ್ಕೆ ದರ್ಜೆ ಸಾಲಲಿಲ್ಲ. ನನ್ನ ಪರೀಕ್ಷೆಗಳಲ್ಲಿ ಅಜಾಗ್ರತೆ ಇತ್ತು. ಕೊಟ್ಟ ದರ್ಜೆ ನ್ಯಾಯವಾದದ್ದೇ.

ಸಮುದ್ರ ಹತ್ತಿರ, ಗಾಳಿ ಹೆಚ್ಚು. ಕೋಣೆ ಚೆನ್ನಾಗಿದೆ. ಕ್ರಿಸ್ಮಸ್ಸಿಗೆ ಬರುವುದು ಕಷ್ಟವಾಗಬಹುದು.

ಎಲಿಸ್

ಬ್ಯೋರ್ಕ್‌ವಾಲೆನ್
9 ಅಕ್ಟೋಬರ್ 1938

ಎಲಿಸ್,

ನನಗೆ ಐವತ್ತು ತುಂಬಿತು. ಊರಿನ ಶಾಲೆ ಬಿಟ್ಟರೆ ಬೇರೆ ಶಾಲೆ ಕಂಡವಳಲ್ಲ. ಆದರೂ ನಿನಗಿಂತ ಮೊದಲು ಹುಟ್ಟಿದ್ದೇನೆ, ಅದರಿಂದ ಹೇಳುತ್ತೇನೆ.

ಅಜಾಗ್ರತೆ ಎಂದರೆ ಏನು? ಚಿಕ್ಕವನಿದ್ದಾಗ ನೀನು ಆಲೂಗಡ್ಡೆಯನ್ನು ಗಾತ್ರದ ಪ್ರಕಾರ ಜೋಡಿಸದೆ ಬುಟ್ಟಿಗೆ ಹಾಕುತ್ತಿರಲಿಲ್ಲ. ಆ ಊರಿನ ಸಹವಾಸದಲ್ಲಿ ಸೋಮಾರಿಯಾದೆಯಾ? ಕುಡಿತವೇನಾದರೂ ಇದೆಯಾ? ಇದ್ದರೆ ಹೇಳು, ನಾನು ಯಾರಿಗೂ ಹೇಳುವುದಿಲ್ಲ. ಬೈಬಲ್ಲಿನ ಕಥೆಯಲ್ಲಿ ಯಜಮಾನ ಕೊಟ್ಟ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಗತಿ ಏನಾಯಿತೆಂದು ನಿನಗೆ ನಾನು ಜ್ಞಾಪಿಸಬೇಕಾಗಿಲ್ಲ. ಅಮ್ಮ ಚಳಿಗಾಲವೆಲ್ಲ ಒಣರೊಟ್ಟಿ, ಹುಳಿಹಾಲಿನಲ್ಲಿ ಕಳೆದು ನಿನ್ನನ್ನು ಓದಿಸಿದಳು. ಈಗ ಅವಳು ಏನನ್ನೂ ಕೇಳುವುದಿಲ್ಲ. "ಎಲಿಸ್ ಬರಲ್ವಂತೆ," ಎಂದರೆ, "ಅವನಿಗೆ ಕೆಲಸ ಇರುತ್ತೆ," ಎನ್ನುತ್ತಾಳೆ, ಅಷ್ಟೇ. ನೀನು ಅವಳ ಬಗ್ಗೆ ನಾಚಿಕೊಂಡು ದೂರ ಉಳಿದಿದ್ದೀಯೆಂದು ನನಗೆ ಅನಿಸುತ್ತದೆ.

ಒಂದೇ ಒಂದು ಸಂತೋಷದ ಸುದ್ದಿ ಬರೆಯುತ್ತೇನೆ. ಅಮ್ಮ ಆ ಉಪ್ಪಿನ ಪದ್ಧತಿ ಬಿಟ್ಟಳು. ಕರೋಲಿನಾ ಒಂದು ಚೆಂಬು ಹಾಲು ಕೇಳಲು ಬಂದಿದ್ದಳು. ಅಮ್ಮನ ಕೈ ಉಪ್ಪಿನ ಮರಿಗೆಯವರೆಗೆ ಹೋಯಿತು, ಹಿಂದಕ್ಕೆ ಬಂತು. ಹಾಲನ್ನು ಹಾಗೇ ಕೊಟ್ಟು ಕಳಿಸಿದಳು. "ಕಡೆಗೂ ಪಾದ್ರಿಗಳ ಮಾತು ನಾಟಿತಲ್ಲಮ್ಮ, ಸ್ತೋತ್ರ," ಎಂದೆ. ಅವಳು ಸೌದೆ ತರುತ್ತೇನೆಂದು ಹೊರಗೆ ಹೋದಳು. ಸೌದೆ ಒಳಗೇ ಬೇಕಾದಷ್ಟಿತ್ತು.

ತೆಕ್ಲಾ

ಕಾಲ್ಮಾರ್
20 ನವೆಂಬರ್ 1938

ಅಕ್ಕಾ,

ಕುಡಿತ ಇಲ್ಲ. ಸೋಮಾರಿತನವೂ ಅಲ್ಲ. ನಿನಗೆ ಹೇಳಬಾರದೆಂದಿದ್ದೆ, ಆದರೆ ನಾಚಿಕೆ ಎಂಬ ಮಾತು ಬರೆದೆಯಲ್ಲ, ಅದನ್ನು ಇಟ್ಟುಕೊಂಡಿರಲಾರೆ.

ಆ ಜಾತಿಯ ಪ್ರೋಟೀನ್ ಬರೀ ನೀರಿನಲ್ಲಿ ಕರಗುವುದಿಲ್ಲ, ಉಪ್ಪಿದ್ದರೆ ಕರಗಿ ನಿಲ್ಲುತ್ತದೆ. ಲಿಲ್ಯಾಳ ಹಾಲಿನಲ್ಲಿ ವಿಶೇಷ ಏನೂ ಇರಲಿಲ್ಲ. ಉಪ್ಪಿತ್ತು. ಊರಿನ ಎಲ್ಲ ಸೀಸೆಗಳಲ್ಲೂ ಇತ್ತು. ನಾನು ಎರಡು ವರ್ಷ ಅಳೆದದ್ದು ಅಮ್ಮನ ಉಪ್ಪನ್ನು. ಒಂದು ತೊಟ್ಟು ಬೆಳ್ಳಿಯ ದ್ರಾವಣ ಬಿಟ್ಟಿದ್ದರೆ ಎಷ್ಟು ಉಪ್ಪಿದೆ ಎಂದು ಮೊದಲ ದಿನವೇ ಹೇಳುತ್ತಿತ್ತು. ಬೇರೆಯವರ ಸೀಸೆಗಳಿಗೆಲ್ಲ ಬಿಟ್ಟೆ. ಮನೆಯಿಂದ ಬಂದದ್ದಕ್ಕೆ ಬಿಡಲಿಲ್ಲ.

ಅವಳು ಎದ್ದು ಹೇಳಿದ ಕ್ಷಣವೇ ನನಗೆ ಎಲ್ಲ ಹೊಳೆಯಿತು. ಅವಳು ಇನ್ನೂ ನಿಂತೇ ಇದ್ದಳು ಅಕ್ಕ, ನನ್ನ ಮುಖವನ್ನೇ ನೋಡುತ್ತ. ಅದಕ್ಕೆ ನಕ್ಕೆ. ಮರುದಿನ ಸಿಲ್ವಾಂದರ್ ಮನೆಗೆ ಬಂದರು. ಟೋಪಿ ಕೈಯಲ್ಲಿ ಹಿಡಿದು, "ಅದು ತಮಾಷೆ ಆಗಿರಲಿಲ್ಲ, ಅಲ್ವಾ?" ಎಂದರು. ಒಳಗೆ ಅಮ್ಮ ಹಾಸಿಗೆ ಮಡಚುತ್ತಿದ್ದಳು. "ಅಲ್ಲ," ಎಂದೆ. ಒಳ್ಳೆಯ ಮನುಷ್ಯ. ಬೇಸಿಗೆಯಲ್ಲಿ ಬೇರೆ ಊರಿನ ಬೆಟ್ಟದ ಹಸುಗಳ ಹಾಲು ತರಿಸಿ ನೋಡಿದೆ. ಎಲ್ಲದರಲ್ಲೂ ಪ್ರೋಟೀನ್ ತಳಕ್ಕೆ ಇಳಿಯಿತು. ಮಾದರಿಗಳಲ್ಲಿ ಉಪ್ಪು ಸೇರಿತ್ತು, ಪರೀಕ್ಷಿಸದಿದ್ದುದು ಲೇಖಕನ ತಪ್ಪು ಎಂದು ಪತ್ರಿಕೆಗೆ ನಾನೇ ಬರೆದುಕೊಟ್ಟೆ. ಯಾರು ಹಾಕಿದರು ಎಂದು ಬರೆಯಲಿಲ್ಲ.

ಅಮ್ಮನಿಗೆ ಎಂದೂ ತಿಳಿಯಬಾರದು. ಕ್ರಿಸ್ಮಸ್ಸಿಗೆ ಬರುವುದಿಲ್ಲ. ಅವಳೆದುರು ಇನ್ನೊಂದು ಸಲ ಹಾಗೆ ನಗಲು ನನ್ನಿಂದ ಆಗುವುದಿಲ್ಲ.

ಎಲಿಸ್

ಬ್ಯೋರ್ಕ್‌ವಾಲೆನ್
11 ಡಿಸೆಂಬರ್ 1938

ತಮ್ಮಾ,

ನಿನ್ನ ಪತ್ರವನ್ನು ಒಲೆಗೆ ಹಾಕಿದೆ.

ನಾನಾಗಿ ಹೇಳುವುದಿಲ್ಲ. ಆದರೆ ಅವಳು ನೇರವಾಗಿ ಕೇಳಿದರೆ ಸುಳ್ಳು ಹೇಳಲು ನನ್ನ ನಾಲಿಗೆ ಏಳದು, ಅದು ನಿನಗೆ ಗೊತ್ತು. ಕೇಳದಿರಲಿ ಎಂದು ದಿನಾ ಬೇಡುತ್ತಿದ್ದೇನೆ. ಅವಳಿಗೆ ಕಾಲು ಊದಿದೆ, ಕೊಟ್ಟಿಗೆಗೆ ಬರುತ್ತಿಲ್ಲ. ಕುರ್ಚಿಯನ್ನು ದಾರಿ ಕಾಣುವ ಕಿಟಕಿಯ ಹತ್ತಿರ ಹಾಕಿಸಿಕೊಂಡಿದ್ದಾಳೆ. ಬಾ ಎಂದು ಬಲವಂತ ಮಾಡುವುದಿಲ್ಲ. ಬಾ.

ತೆಕ್ಲಾ

ಬ್ಯೋರ್ಕ್‌ವಾಲೆನ್
19 ಮಾರ್ಚ್ 1939

ತಮ್ಮ ಎಲಿಸ್‌ಗೆ,

ಅಮ್ಮನನ್ನು ಮಣ್ಣು ಮಾಡಿದ ದಿನ ಮನೆ ತುಂಬ ಜನ. ನೀನು ಗೋಡೆಗೆ ಒರಗಿ ಕಾಫಿಯನ್ನು ಕುಡಿಯದೆ ಹಿಡಿದುಕೊಂಡಿದ್ದೆ. ಮರುದಿನವೇ ಹೊರಟುಬಿಟ್ಟೆ. ಹೇಳಬೇಕಾದದ್ದು ನನ್ನಲ್ಲೇ ಉಳಿಯಿತು.

ಅವಳು ಹೋಗುವ ಹಿಂದಿನ ವಾರ, ಮಧ್ಯಾಹ್ನ, ಅವಳ ಕಾಲಿಗೆ ಬಟ್ಟೆ ಸುತ್ತುತ್ತಿದ್ದೆ.

"ತೆಕ್ಲಾ, ನೀನು ಸುಳ್ಳು ಹೇಳಲ್ಲ, ಅಲ್ವಾ?" ಎಂದಳು.

ನನ್ನ ಕೈ ನಿಂತುಹೋಯಿತು. "ಇಲ್ಲಮ್ಮ."

"ಹಾಗಾದ್ರೆ ನಾನು ಏನೂ ಕೇಳಲ್ಲ. ನಾನೇ ಹೇಳ್ತೀನಿ. ನೀನು ಹೂಂ ಅನ್ನಬೇಡ, ಊಹೂಂ ಅನ್ನಬೇಡ. ನನ್ನ ಉಪ್ಪಿಂದ ಹುಡುಗನ ಕೆಲಸ ಕೆಟ್ಟಿತು."

ನಾನು ಬಟ್ಟೆ ಸುತ್ತುತ್ತಲೇ ಇದ್ದೆ.

"ಅಲ್ಲಿ ಸಭೇಲೇ ಗೊತ್ತಾಯ್ತು ಕಣೇ. ಚಿಕ್ಕೋನಿದ್ದಾಗ ಹುಲ್ಲು ಕೊಯ್ಯೋ ಕತ್ತಿ ತಗುಲಿ ಮೂಳೆ ಕಂಡಿತ್ತಲ್ಲ. ನಾನು ಹೆದರ್ಕೋತೀನಿ ಅಂತ ಅವತ್ತೂ ಹಾಗೇ ನಕ್ಕಿದ್ದ. ಅದೇ ನಗು. ಹೆತ್ತೋಳಿಗೆ ಗೊತ್ತಾಗಲ್ವಾ?"

"ಮತ್ತೆ ಊರಿಗೆ ಬಂದು ಎಲ್ಲರಿಗೂ ಅಷ್ಟು ನಗ್ತಾ ನಗ್ತಾ ಹೇಳಿದೆಯಲ್ಲಮ್ಮ?"

"ಅವನು ಅಷ್ಟು ಕಷ್ಟಪಟ್ಟು ನಕ್ಕಿದಾನೆ. ಅದನ್ನೂ ಹಾಳು ಮಾಡ್ಲಾ?"

ಕರೋಲಿನಾಳ ಚೆಂಬಿಗೆ ಉಪ್ಪು ಹಾಕದೆ ಕೊಟ್ಟಾಗ ನಾನು ಸ್ತೋತ್ರ ಹೇಳಿದ್ದು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ. "ಅವನನ್ನ ಕರೆಸ್ಲಾ?" ಎಂದೆ. "ಬೇಡ. ಬಂದ್ರೆ ನನ್ನೆದುರಿಗೆ ಮತ್ತೆ ನಗಬೇಕಾಗುತ್ತೆ. ಪಾಪ," ಎಂದಳು. ನಿನಗೆ ಇದನ್ನು ಹೇಳಬೇಡ ಎಂದೂ ಹೇಳಿದಳು. ನಾನು ಮಾತು ಕೊಡಲಿಲ್ಲ. ಬಟ್ಟೆಯ ಗಂಟು ಹಾಕಿ ಎದ್ದೆ.

ಬರೆಯಬೇಕೋ ಬೇಡವೋ ಎಂದು ಕರ್ತನನ್ನು ಕೇಳಿದೆ. ಕಡೆಗೆ ನನ್ನ ಬುದ್ಧಿಗೆ ತೋಚಿದಂತೆ ಮಾಡಿದ್ದೇನೆ. ನೀವಿಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತ ಒಂದು ಚಳಿಗಾಲ ಕಳೆದುಬಿಟ್ಟಿರಿ. ಅವಳ ಜೊತೆ ಕೂತು ಅಳಬಹುದಾಗಿತ್ತು, ನೀನು ಅಳಲಿಲ್ಲ, ಅವಳೂ ಅಳಲಿಲ್ಲ. ನಾನು ನಡುವೆ ನಿಂತು ಇಬ್ಬರಿಗೂ ಉಪದೇಶ ಮಾಡಿದೆ.

ಈಸ್ಟರ್ ರಜೆಗೆ ಬಾ. ಸ್ಟೇಷನ್ನಿಗೆ ಕುದುರೆ ತರುತ್ತೇನೆ. ಬಂದ ಮೇಲೆ ನಗಬೇಡ. ಈ ಮನೆಯಲ್ಲಿ ಈಗ ನೀನು ಯಾರಿಗೋಸ್ಕರವೂ ನಗಬೇಕಾಗಿಲ್ಲ.

ನಿನ್ನ ಅಕ್ಕ,
ತೆಕ್ಲಾ